ತಂಗ್ಯಮ್ಮ ಕೇಳದ ಐದನೆಯ ದೃಶ್ಯ

ವಾರಕ್ಕೆ ನಾಲ್ಕು ಆಟ, ಹನ್ನೆರಡು ವರ್ಷ. ಅಷ್ಟೂ ಆಟಗಳಲ್ಲಿ ಅವಳು ಒಂದೇ ದೋಣಿ ಹತ್ತಿ, ಒಂದೇ ಹಾಡು ಹಾಡಿ, ಹಾಡಿನ ಒಂದೇ ಜಾಗದಲ್ಲಿ ನಕ್ಕಿದ್ದಳು.

ದೋಣಿಯೆಂದರೆ ನಾಲ್ಕು ಗಾಲಿಯ ಮೇಲೆ ಕೂರಿಸಿದ ಹಲಗೆ. ಮುಂದೆ ದೋಣಿಯ ಆಕಾರಕ್ಕೆ ಕತ್ತರಿಸಿ ಬಣ್ಣ ಬಳಿದ ತಗಡು, ಅದರ ಕೆಳಗೆ ಅಲೆಗಳಂತೆ ಅಲುಗುವ ನೀಲಿ ಬಟ್ಟೆ. ಪರದೆಯ ಮರೆಯಲ್ಲಿ ಇಬ್ಬರು ನಿಂತು ಹಗ್ಗ ಎಳೆದರೆ ದೋಣಿ ನದಿ ದಾಟುತ್ತಿತ್ತು. ಗಾಲಿಗೆ ಎಣ್ಣೆ ಬಿಡಲು ಮರೆತ ದಿನ ಹಾಡಿನ ಉದ್ದಕ್ಕೂ ಕಿರ್ರೆನ್ನುತ್ತಿತ್ತು. ಹಾರ್ಮೋನಿಯಂ ಪೆಟ್ಟಿಗೆ ನುಡಿಸುವ ಮೇಷ್ಟ್ರು ಆ ಕಿರ್ರಿಗೇ ಶ್ರುತಿ ಸೇರಿಸಿಕೊಳ್ಳುತ್ತಾರೆಂದು ಕಂಪನಿಯಲ್ಲಿ ಒಂದು ತಮಾಷೆಯಿತ್ತು.

ನಾಟಕ ಅಂಬಿಗನ ಇಬ್ಬರು ಹೆಣ್ಣುಮಕ್ಕಳದು. ಅವಳದು ತಂಗಿಯ ಪಾತ್ರ. ಹಾಗಾಗಿ ಕಂಪನಿಯವರೆಲ್ಲ ಅವಳನ್ನು ತಂಗ್ಯಮ್ಮ ಎಂದೇ ಕರೆಯುತ್ತಿದ್ದರು. ರಂಗದ ಮೇಲೆ ಅವಳಿಗೆ ಅಕ್ಕನಾಗುವವಳು ನಿಜವಾಗಿ ಅವಳಿಗಿಂತ ನಾಲ್ಕು ವರ್ಷ ಚಿಕ್ಕವಳು. ಆದರೂ ಮುಖದ ಬಣ್ಣ ತೊಳೆದ ಮೇಲೂ ಆಕೆ ರಂಗದಕ್ಕ, ಇವಳು ತಂಗ್ಯಮ್ಮ.

ದೋಣಿಯ ಹಾಡು ಸಂತೋಷದ ಹಾಡು. ಮದುವಣಗಿತ್ತಿಯಾಗಿ ಆಚೆ ದಡಕ್ಕೆ ಹೊರಟ ತಂಗಿ, ಈಚೆ ದಡದಲ್ಲಿ ಕೈಬೀಸುತ್ತ ನಿಂತ ಅಕ್ಕನ ಕಡೆ ನೋಡಿ ಹಾಡುವುದು.

ಹಿಂದೆ ಹಿಂದೆ ಸರಿವ ದಡವೇ, ನಿನಗೆ ಯಾಕೆ ಅವಸರ?
ಹೊರಟವಳು ನಾನು ತಾನೆ, ನಿನಗೆ ಏನು ಸಡಗರ?

'ಸಡಗರ' ಎಂದು ಮುಗಿಸಿ ಗಲಗಲನೆ ನಗಬೇಕು. ಅವಳು ನಕ್ಕದ್ದೇ ತಡ, ಮುಂದಿನ ಸಾಲಿನ ಹೆಂಗಸರ ಕೈ ಕಣ್ಣಿಗೆ ಹೋಗುತ್ತಿತ್ತು. ಗಂಡಸರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಮೊದಮೊದಲು ಅವಳಿಗೆ ಆಶ್ಚರ್ಯವಾಗಿತ್ತು. ಆಮೇಲೆ ಹೆಮ್ಮೆಯಾಯಿತು. ತನ್ನ ದನಿಯಲ್ಲಿ ಏನೋ ಇದೆ, ನಕ್ಕರೂ ಜನರ ಕರುಳು ಹಿಂಡುತ್ತದೆ ಎಂದುಕೊಂಡಳು. "ಅತ್ತು ಅಳಿಸೋದು ಯಾರಿಗೂ ಬರುತ್ತೆ ಅಕ್ಕ, ನಕ್ಕು ಅಳಿಸೋದು ಕಷ್ಟ" ಎಂದು ಮನೆಯಲ್ಲಿ ಒಮ್ಮೆ ಹೇಳಿಯೂ ಹೇಳಿದ್ದಳು. ಅವಳ ಒಡಹುಟ್ಟಿದ ಅಕ್ಕ, ಹೊಲಿಗೆಯವಳು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದವಳು, "ಹೂಂ" ಎಂದಷ್ಟೇ ಅಂದಿದ್ದಳು.

ಆ ಕಂಪನಿಯಲ್ಲಿ ಇಡೀ ನಾಟಕದ ಪುಸ್ತಕ ಇದ್ದದ್ದು ಒಂದೇ. ಅದು ಯಜಮಾನರ ಪೆಟ್ಟಿಗೆಯಲ್ಲಿ ಬೀಗದೊಳಗೆ ಇರುತ್ತಿತ್ತು. ಮಿಕ್ಕವರಿಗೆಲ್ಲ ಅವರವರ ಪಾತ್ರದ ಪುಸ್ತಕ ಮಾತ್ರ. ಅದರಲ್ಲಿ ನಿಮ್ಮ ಮಾತು, ನಿಮ್ಮ ಹಾಡು; ಎದುರಿನವರ ಮಾತಿನಲ್ಲಿ ಕೊನೆಯ ಎರಡು ಪದ. ಆ ಎರಡು ಪದ ಕಿವಿಗೆ ಬಿದ್ದರೆ ನೀವು ಬಾಯಿ ತೆರೆಯಬೇಕು. ತಂಗ್ಯಮ್ಮ ಕಂಪನಿಗೆ ಸೇರಿದ್ದು ಹಿಂದಿನ ತಂಗಿ ಹೇಳದೆ ಕೇಳದೆ ಬಿಟ್ಟುಹೋದ ವಾರ. ಐದೇ ದಿನದಲ್ಲಿ ಪುಸ್ತಕ ಬಾಯಿಪಾಠ ಮಾಡಿ ರಂಗಕ್ಕೆ ನಿಂತಿದ್ದಳು. ತಾಲೀಮಿಗೆ ಅವಳನ್ನು ಕರೆದದ್ದು ಅವಳಿರುವ ದೃಶ್ಯಗಳಿಗೆ ಮಾತ್ರ. ಐದನೆಯ ದೃಶ್ಯದಲ್ಲಿ ಅವಳಿಲ್ಲ. ಆಟದ ಹೊತ್ತಿನಲ್ಲಂತೂ ನಾಲ್ಕನೆಯ ದೃಶ್ಯ ಮುಗಿದೊಡನೆ ಹಿಂದಿನ ಅಂಗಳ ದಾಟಿ ಬಣ್ಣದ ಕೋಣೆಗೆ ಓಡಬೇಕು. ಅಲ್ಲಿ ಬಣ್ಣದಜ್ಜಿ ಬಾಗಿಲು ಹಾಕಿ, ಅವಳ ಜಡೆ ಬಿಚ್ಚಿ, ಮದುವಣಗಿತ್ತಿಯ ಕೊಂಡೆ ಕಟ್ಟಿ, ಇಪ್ಪತ್ತಾರು ಗುಂಡಿಯ ಉಡುಪು ತೊಡಿಸುತ್ತಿದ್ದಳು. ಹದಿನೆಂಟು ನಿಮಿಷದ ಕೆಲಸ. ಅಷ್ಟರಲ್ಲಿ ಐದನೆಯ ದೃಶ್ಯ ಮುಗಿದು, ಆರನೆಯದಕ್ಕೆ ಗಂಟೆ ಬಾರಿಸುತ್ತಿತ್ತು.

ಐದರಲ್ಲಿ ಏನಾಗುತ್ತದೆಂದು ಅವಳು ಯಾರನ್ನೂ ಕೇಳಿರಲಿಲ್ಲ. ಮದುವೆಯ ಮಾತುಕತೆ ಇರಬೇಕು ಎಂದುಕೊಂಡಿದ್ದಳು. ಅವಳಿಗೆ ಗೊತ್ತಿಲ್ಲದೆ ಇರಲು ಸಾಧ್ಯವೇ ಇಲ್ಲವೆಂದು ಮಿಕ್ಕವರು ತಿಳಿದಿದ್ದರು. ಬಾಗಿಲಲ್ಲಿ ಹಂಚುವ ಚೀಟಿಯಲ್ಲಿ ಕಥೆ ಅಚ್ಚಾಗಿತ್ತು, ನಿಜ. ಆದರೆ ಅದು ನಾಲ್ಕನೆಯ ದೃಶ್ಯಕ್ಕೆ ನಿಂತು, 'ಮುಂದಿನದನ್ನು ರಂಗದ ಮೇಲೆಯೇ ನೋಡಿರಿ' ಎನ್ನುತ್ತಿತ್ತು.

ಒಂದು ಬುಧವಾರ ಬಣ್ಣದ ಕೋಣೆಯ ಚಾವಣಿಯ ಗಾರೆ ಕಳಚಿಬಿತ್ತು. ಬೆಳಗಿನ ಹೊತ್ತಾದ್ದರಿಂದ ಒಳಗೆ ಯಾರೂ ಇರಲಿಲ್ಲ. ಕನ್ನಡಿ ಒಡೆಯಿತು, ಬಣ್ಣದ ಡಬ್ಬಿಗಳ ಮೇಲೆಲ್ಲ ಸುಣ್ಣ. ಸದ್ಯಕ್ಕೆ ರಂಗದ ಹಿಂಬದಿಯ ಪರದೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ಒಂದು ಸ್ಟೂಲು, ಒಂದು ಕೈಗನ್ನಡಿ ಇಟ್ಟುಕೊಂಡು ಕೆಲಸ ಮಾಡುವುದೆಂದಾಯಿತು.

"ಮಾತಾಡಬೇಡ, ಉಸಿರೂ ಜೋರಾಗಿ ಬಿಡಬೇಡ. ಪರದೆ ಆಚೆಗೇ ರಂಗ" ಎಂದಳು ಬಣ್ಣದಜ್ಜಿ ಪಿಸುದನಿಯಲ್ಲಿ.

ಹಾಗಾಗಿ ತಂಗ್ಯಮ್ಮ ಬಾಯಿ ಮುಚ್ಚಿಕೊಂಡು ಕೂತಳು. ಕಿವಿ ಮುಚ್ಚಿಕೊಳ್ಳುವ ಹಾಗಿರಲಿಲ್ಲ.

ಆಚೆ ದಡದಿಂದ ಹೆಣ್ಣು ಕೇಳಲು ಬಂದವನ ದನಿ ಕೇಳಿಸಿತು. "ನಾನು ನೋಡಿ ಮೆಚ್ಚಿದ್ದು ನಿಮ್ಮನ್ನೇ. ಕೇಳಲು ಬಂದಿರುವುದೂ ನಿಮ್ಮನ್ನೇ."

ಯಾರಿಗೆ ಹೇಳುತ್ತಿದ್ದಾನೆ ಇವನು? ತಾನು ಇಲ್ಲಿ ಸ್ಟೂಲಿನ ಮೇಲಿದ್ದೇನಲ್ಲ!

ಸ್ವಲ್ಪ ಹೊತ್ತು ಪೆಟ್ಟಿಗೆ ಒಂದೇ ಸ್ವರ ಎಳೆಯುತ್ತಿತ್ತು. ಆಮೇಲೆ ರಂಗದಕ್ಕ ನಗುನಗುತ್ತಲೇ ಅಂದಳು: "ನನಗೆ ನೀರೆಂದರೆ ಭಯ. ದಡ ಬಿಟ್ಟು ಬರುವವಳಲ್ಲ ನಾನು. ನನ್ನ ತಂಗಿಯನ್ನು ಕರೆದುಕೊಂಡು ಹೋಗಿ."

ನೀರೆಂದರೆ ಭಯವೇ? ಮೊದಲನೆಯ ದೃಶ್ಯದಲ್ಲಿ ಹುಟ್ಟು ಹಾಕಿ ಜನರನ್ನು ದಾಟಿಸುವವಳೇ ಈ ಅಕ್ಕ. 'ನಮ್ಮಕ್ಕ ಮೀನಿನ ಜೊತೆ ಹುಟ್ಟಿದವಳು' ಎನ್ನುವುದು ತಂಗ್ಯಮ್ಮನದೇ ಮಾತು, ಪುಸ್ತಕದ ಎರಡನೆಯ ಪುಟದಲ್ಲಿದೆ. ಅಷ್ಟರಲ್ಲಿ ರಂಗದಕ್ಕ ಹಾಡಲು ತೊಡಗಿದಳು. 'ನೀರಿನಲ್ಲೇ ಬೆಳೆದ ನಾನು ನೀರಿಗಂಜಿ ನಿಂತೆನೇ.' ಪರದೆಯ ಆಚೆ, ಕತ್ತಲಲ್ಲಿ ಕೂತ ಜನ ಮೂಗು ಏರಿಸುವುದು ಕೇಳಿಸಿತು. ಅಳು ಅಲ್ಲಿಂದಲೇ ಶುರುವಾಗುತ್ತಿತ್ತು. ದೋಣಿಯಲ್ಲಿ ಅವಳು ನಗುವ ಎಷ್ಟೋ ಮೊದಲೇ.

ಆರನೆಯ ದೃಶ್ಯಕ್ಕೆ ಗಂಟೆಯಾಯಿತು. ಅವಳು ಹೋಗಿ ನಿಂತಳು. ರಂಗದಕ್ಕ ಎಂದಿನಂತೆ ಅವಳ ಗಲ್ಲ ಹಿಡಿದು, "ಅವರು ಅಂದು ಬಂದದ್ದು ನಿನ್ನನ್ನೇ ಕೇಳಲು" ಎಂದಳು. ಹನ್ನೆರಡು ವರ್ಷದಿಂದ ಅವಳ ಪುಸ್ತಕದಲ್ಲಿದ್ದ ಎರಡು ಪದ, 'ನಿನ್ನನ್ನೇ ಕೇಳಲು'. ಅದು ಸುಳ್ಳು ಎಂದು ಪುಸ್ತಕದಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ದೋಣಿ ಹೊರಟಿತು. 'ಸಡಗರ' ಬಂತು, ಹೋಯಿತು. ನಗು ಬರಲಿಲ್ಲ.

ಆಟ ಮುಗಿದ ಮೇಲೆ ರಂಗದಕ್ಕ ಬಂದು ಸೊಂಟದ ಮೇಲೆ ಕೈಯಿಟ್ಟಳು. "ಏನೇ ಇದು? ದೋಣಿ ಮುಳುಗೋ ಹಾಗೆ ಮುಖ ಮಾಡ್ಕೊಂಡು ನಿಂತಿದ್ದೆ!"

"ನೀನು ಅವನಿಗೆ ಸುಳ್ಳು ಹೇಳ್ತೀಯಾ?"

"ಯಾರಿಗೆ?"

"ಐದನೇ ದೃಶ್ಯದಲ್ಲಿ. ಅವನು ಕೇಳೋದು ನಿನ್ನನ್ನ. ನೀನು ನನ್ನ ಕಳಿಸ್ತೀಯ."

ರಂಗದಕ್ಕ ಕಣ್ಣು ಪಿಳಿಪಿಳಿ ಬಿಟ್ಟಳು. "ತಂಗ್ಯಮ್ಮ, ತಮಾಷೆ ಮಾಡ್ತಿದ್ದೀಯಾ? ನಾಟಕ ಇರೋದೇ ಅದು."

ಬಣ್ಣದಜ್ಜಿ ನಕ್ಕ ನಗುವಿಗೆ ಕೈಯಲ್ಲಿದ್ದ ಪಿನ್ನುಗಳೆಲ್ಲ ನೆಲಕ್ಕೆ ಬಿದ್ದವು. "ಇಡೀ ಊರಿಗೆ ಗೊತ್ತಮ್ಮಾ! ಟಿಕೀಟು ಹರಿಯೋನಿಗೆ ಗೊತ್ತು. ಬಾಗಿಲಲ್ಲಿ ಮಲಗೋ ನಾಯಿಗೂ ಗೊತ್ತು. ಗೊತ್ತಿಲ್ಲದೋಳು ಮದುಮಗಳು ಒಬ್ಬಳೇ ನೋಡು!"

"ನೀನಾದ್ರೂ ಹೇಳಬಾರದಿತ್ತಾ ಅಜ್ಜಿ?"

"ನಿನ್ನ ಇಪ್ಪತ್ತಾರು ಗುಂಡಿ ಹಾಕೋದರೊಳಗೆ ನನ್ನ ಪ್ರಾಣ ಹೋಗಿಬರುತ್ತೆ. ಕಥೆ ಹೇಳ್ತಾ ಕೂರಲಾ?"

ಅವಳೂ ನಕ್ಕಳು. ನಗದೆ ಇನ್ನೇನು ಮಾಡುವುದು? ಆದರೆ ಮನೆಗೆ ಹೋಗುವ ದಾರಿಯಲ್ಲಿ ಎರಡು ಸಲ ತಪ್ಪು ತಿರುವಿಗೆ ಹೊರಳಿದಳು. ಜನ ಅತ್ತದ್ದು ತನ್ನ ದನಿಗಲ್ಲ. ತನಗೆ ಗೊತ್ತಿಲ್ಲವಲ್ಲ ಎಂದು ಅತ್ತದ್ದು. ಇಷ್ಟು ವರ್ಷ ಅವರು ನೋಡಿದ್ದು ಒಬ್ಬ ದಡ್ಡಿಯನ್ನು.

ಶುಕ್ರವಾರದ ಆಟದಲ್ಲಿ ಬಲವಂತವಾಗಿ ನಕ್ಕಳು. ಸಭೆ ಕೆಮ್ಮಿತು. ಶನಿವಾರ, ಗೊತ್ತಾಗಿರುವ ತಂಗಿಯ ಹಾಗೆಯೇ ಹಾಡೋಣವೆಂದು ಕಣ್ಣೀರು ಹಾಕುತ್ತ ಹಾಡಿದಳು. ಸಭೆ ತೆಪ್ಪಗಿತ್ತು. ಹಿಂದಿನ ಬೆಂಚಿನಿಂದ ಯಾರೋ, "ಮದುಮಗಳಿಗೆ ಇಷ್ಟ ಇಲ್ಲ ಅಂದ್ರೆ ದೋಣಿ ತಿರುಗಿಸ್ರಪ್ಪಾ" ಎಂದರು. ಹಗ್ಗ ಎಳೆಯುವವರೇ ನಕ್ಕುಬಿಟ್ಟರು.

ಯಜಮಾನರು ಅವಳನ್ನು ಕರೆಸಿದರು. ಕಂಪನಿಯ ಒಡೆಯರೂ ಅವರೇ, ರಂಗದ ಮೇಲೆ ಅಂಬಿಗ ತಂದೆಯೂ ಅವರೇ. ಅಂಟಿಸಿದ ಗಡ್ಡದ ಒಂದು ಬದಿ ಕಿತ್ತು ಇನ್ನೊಂದು ಬದಿ ಹಾಗೇ ಬಿಟ್ಟುಕೊಂಡು ಕೂತಿದ್ದರು.

"ನಿನ್ನೆ ನೀನು ನಕ್ಕಿದ್ದು ಹಲ್ಲುನೋವಿನವರು ನಕ್ಕ ಹಾಗಿತ್ತಮ್ಮ. ಇವತ್ತು ಅತ್ತೆ. ನೀನೇ ಅತ್ತರೆ ಅವರು ಯಾಕೆ ಅಳ್ತಾರೆ? ಅವರ ಕೆಲಸನೂ ನೀನೇ ಮಾಡಿಬಿಟ್ಟೆ."

"ಹೇಗೆ ನಗಬೇಕು ಅಂತ ತಿಳೀತಿಲ್ಲ."

"ನಾಳೆ ಮೂರು ಗಂಟೆ ಆಟ ನೋಡ್ತೀನಿ. ಆಗಲಿಲ್ಲ ಅಂದ್ರೆ ಗುಂಪಿನಲ್ಲಿ ಹಾಡೋ ಹೊಸಬಳು ದೋಣಿ ಹತ್ತಲಿ. ಹಾಡು ಅವಳಿಗೂ ಬರುತ್ತೆ. ಮತ್ತೆ, ಅವಳಿಗೆ ಹಳೇ ಕೋಣೆಯಲ್ಲೇ ಅಲಂಕಾರ ಮಾಡಿಸ್ತೀನಿ, ಚಾವಣಿ ಬಿದ್ದರೂ ಸರಿ."

ಹನ್ನೆರಡು ವರ್ಷದ ಪಾತ್ರ ಒಂದು ಮಧ್ಯಾಹ್ನಕ್ಕೆ ಬಂದು ನಿಂತಿತ್ತು. ಆ ಪಾತ್ರ ಬಿಟ್ಟರೆ ಅವಳಿಗೆ ಬೇರೆ ಬದುಕಿರಲಿಲ್ಲ. ಮದುವೆಯಾಗಿ ಹನ್ನೊಂದು ತಿಂಗಳಿಗೆ ಒಂದು ಟ್ರಂಕಿನ ಸಮೇತ ಅಕ್ಕನ ಮನೆಗೆ ವಾಪಸು ಬಂದವಳು ಅವಳು. ಎಂಟು ತಿಂಗಳು ಮೂಲೆ ಹಿಡಿದು ಕೂತಿದ್ದಳು. ಉಣ್ಣು ಅಂದರೆ ಉಣ್ಣುವುದು, ದಾರ ತಾ ಅಂದರೆ ದಾರ ತರುವುದು, ಅಷ್ಟೇ. ಹಾಗಿರುವಾಗ ಒಂದು ದಿನ ದಾರ ತೆಗೆದುಕೊಂಡು ಬಂದು ನೋಡಿದರೆ ಗಿರಾಕಿಗಳ ಸ್ಟೂಲಿನ ಮೇಲೆ ಇದೇ ಯಜಮಾನರು. ಅಕ್ಕ ಅವಳ ಕೈಯಿಂದ ದಾರದ ಉಂಡೆ ತೆಗೆದುಕೊಂಡು, "ನಿನ್ನೇ ಕೇಳ್ಕೊಂಡು ಬಂದಿದ್ದಾರೆ ನೋಡು" ಎಂದಿದ್ದಳು.

ಈಗ ಯಜಮಾನರ ಮುಂದೆ ನಿಂತವಳಿಗೆ ಆ ಮಾತು ಥಟ್ಟನೆ ಮತ್ತೆ ಕೇಳಿಸಿತು.

"ಯಜಮಾನರೇ, ನೀವು ಅವತ್ತು ನಮ್ಮ ಮನೆಗೆ ಬಂದಿದ್ದು ಯಾರನ್ನ ಕೇಳೋಕೆ?"

ಅವರು ಉಳಿದ ಅರ್ಧ ಗಡ್ಡ ಎಳೆಯುತ್ತ ಯೋಚಿಸಿದರು. "ಬೀದಿಯಲ್ಲಿ ಹೋಗ್ತಿದ್ದೆ. ಹೊಲಿಗೆ ಮಿಷನ್ನಿನ ಸದ್ದಿನ ಜೊತೆ ಯಾರೋ ಹಾಡ್ತಿದ್ರು. ಬಾಗಿಲು ತಟ್ಟಿ, ಯಾರಮ್ಮ ಹಾಡಿದ್ದು ಅಂದೆ. ನಿಮ್ಮಕ್ಕ, ನನ್ನ ತಂಗಿ, ದಾರ ತರೋಕೆ ಹೋಗಿದಾಳೆ, ಈಗ ಬರ್ತಾಳೆ ಅಂದ್ರು." ಗಡ್ಡ ಪೂರ್ತಿ ಕೈಗೆ ಬಂತು. "ದಾರ ತರೋಕೆ ಹೋದವಳು ಮಿಷನ್ ಹತ್ತಿರ ಹೇಗೆ ಹಾಡ್ತಾಳೆ ಅಂತ ನನಗೆ ಹೊಳೆದಿದ್ದು ಎರಡು ದಿನ ಆದಮೇಲೆ."

"ಆಗಲಾದ್ರೂ ಕೇಳಬಾರದಿತ್ತಾ?"

"ತಂಗಿ ಇಲ್ಲದೆ ಆಟ ನಿಂತುಹೋಗಿತ್ತಮ್ಮ. ಬಂದವಳು ಹಾಡ್ತಾಳೆ, ಮಾತು ಕಲೀತಾಳೆ. ಇನ್ನೇನು ವಿಚಾರಿಸಲಿ? ಐದನೇ ದೃಶ್ಯ ನಿನಗೆ ಗೊತ್ತಿಲ್ಲ ಅಂತಲೂ ನನಗೆ ಮೊದಲ ತಿಂಗಳೇ ಅನುಮಾನ ಬಂದಿತ್ತು. ಹೇಳೋಣ ಅಂದ್ಕೊಂಡೆ. ಆಮೇಲೆ ಆ ನಗು ಕೇಳಿ ಬಾಯಿ ಮುಚ್ಚಿಕೊಂಡೆ. ಬಂದು ಕೂತ ಹಕ್ಕೀನ ಯಾರಾದ್ರೂ ಓಡಿಸ್ತಾರಾ?"

ಮರುದಿನ ಭಾನುವಾರ. ಬೆಳಗ್ಗೆ ಅಕ್ಕ ಎಂದಿನಂತೆ ಮುಂದಿನ ಕೋಣೆಯಲ್ಲಿ ಮಿಷನ್ನಿನ ಮುಂದೆ ಕೂತಿದ್ದಳು. ಶಾಲೆಯ ಅಂಗಿಗಳ ರಾಶಿ, ಅರವತ್ತು ಕಾಲರು ಹಚ್ಚುವುದಿತ್ತು. ತಂಗ್ಯಮ್ಮ ಗುಂಡಿಯ ಕಾಜಾ ಹಾಕುವ ನೆಪದಲ್ಲಿ ಪಕ್ಕದಲ್ಲಿ ಕೂತು ಅಕ್ಕನ ಮುಖ ನೋಡಿದಳು. ನಲವತ್ತನಾಲ್ಕು ವರ್ಷದ ಮುಖ, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದೆ. ತಾಯಿ ಹೋದಾಗಿನಿಂದ ಮನೆಯ ನೊಗ ಈ ಹೆಗಲ ಮೇಲೆ. ಈ ಮುಖವನ್ನು ಓದಲು ಬರುತ್ತದೆಂದು ಅವಳು ತಿಳಿದಿದ್ದಳು. ಈಗ ನೋಡಿದರೆ ಇದೂ ತನ್ನ ಪಾತ್ರದ ಪುಸ್ತಕದಂತೆಯೇ ಇತ್ತು. ಅಕ್ಕನ ಮಾತಿನಲ್ಲಿ ತನಗೆ ಸಿಕ್ಕಿದ್ದು ಬರೀ ಕೊನೆಯ ಎರಡು ಪದ.

ದೇವರೇ, ಕೇಳುವ ಧೈರ್ಯ ಕೊಡು, ಎಂದು ಮನಸ್ಸಿನಲ್ಲೇ ಅಂದುಕೊಂಡು ಬಾಯಿ ತೆರೆದಳು.

"ಅಕ್ಕಾ, ಅವತ್ತು ಯಜಮಾನರಿಗೆ ಬೀದಿಯಲ್ಲಿ ಕೇಳಿಸಿದ್ದು ನಿನ್ನ ಹಾಡಾ?"

ಮಿಷನ್ ನಿಂತಿತು. ಮತ್ತೆ ಓಡಿತು. "ಯಾವತ್ತು?"

"ಗೊತ್ತಿದ್ದೂ ಕೇಳಬೇಡ."

ಅಕ್ಕ ದಾರವನ್ನು ಹಲ್ಲಿನಿಂದ ಕಡಿದಳು. "ನನ್ನದೇ. ಏನೀಗ? ಹನ್ನೆರಡು ವರ್ಷ ಆದಮೇಲೆ ವಾಪಸ್ ಕೊಡೋಕೆ ಬಂದ್ಯಾ?"

"ಯಾಕೆ ಸುಳ್ಳು ಹೇಳಿದೆ?"

"ಅಯ್ಯೋ, ಆ ಮನುಷ್ಯ ಬಾಗಿಲಲ್ಲಿ ನಿಂತು ನಾಟಕದ ಕಂಪನಿ ಅಂದ ತಕ್ಷಣ ನನ್ನ ಕೈಕಾಲೆಲ್ಲ ನಡುಗಿಹೋಯ್ತು. ಅಷ್ಟು ಜನ, ಅಷ್ಟು ಕಣ್ಣು! ನನಗೆ ಜನ ಅಂದ್ರೆ ಭಯ ಕಣೇ. ಬಾಯಿಗೆ ನೀನು ಬಂದೆ, ಹೇಳಿಬಿಟ್ಟೆ."

ಅಕ್ಕ ಅದನ್ನು ನಗುನಗುತ್ತ ಹೇಳಿದಳು. ತಂಗ್ಯಮ್ಮನ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು. ನೀರೆಂದರೆ ಭಯ. ರಂಗದಕ್ಕ ಕೂಡ ಹೀಗೆಯೇ ನಗುತ್ತಾಳಲ್ಲ!

"ನಿನಗಾ? ಜನ ಅಂದ್ರೆ ಭಯಾನಾ? ಬಟ್ಟೆ ಅಂಗಡಿಯವನಿಗೆ ಅರ್ಧ ಬೀದಿ ಸೇರೋ ಹಾಗೆ ಬೈದು ಬಂದವಳು ನೀನು. ಆ ಶಾಲೆ ಹೆಡ್‌ಮಾಸ್ತರನ್ನ ಹೊಸ್ತಿಲ ಆಚೆ ನಿಲ್ಲಿಸಿ ಅಳತೆ ತಗೊಂಡವಳು!"

"ಅದು ಬೇರೆ. ಅವರು ನೋಡೋದು ಬಟ್ಟೇನ, ನನ್ನನ್ನಲ್ಲ."

"ನಾನು ಮೂಲೆ ಹಿಡಿದು ಕೂತಿದ್ದೆ ಅಂತ ಅಲ್ವಾ ನೀನು ನನ್ನ ಕಳಿಸಿದ್ದು? ನಿಜ ಹೇಳು."

"ಮೂಲೆ ಹಿಡಿದು ಕೂತಿದ್ದಂತೂ ನಿಜ. ಎದ್ದು ಹೋದ್ರೆ ಆ ಮೂಲೆ ಗುಡಿಸಬಹುದಲ್ಲ ಅಂತ ಖುಷಿಯಾಯ್ತು."

"ಅಕ್ಕಾ!"

"ಏನು ಅಕ್ಕ ಅಕ್ಕ ಅಂತ ಬೆಳಗ್ಗೆ ಬೆಳಗ್ಗೆ? ಎಲ್ಲಿ, ಆ ಕಾಜಾ ತೋರಿಸು. ನೋಡು, ಕಪ್ಪೆ ಬಾಯಿ ಹಾಗೆ ಆಗಿದೆ, ಬಿಚ್ಚು."

ಅವಳು ಬಿಚ್ಚತೊಡಗಿದಳು. ಭಯವೂ ನಿಜವಿದ್ದೀತು. ಅಕ್ಕ ಮದುವೆಮನೆಗಳಿಗೆ ಹೋಗುವುದೇ ಇಲ್ಲ. ಹೋದರೂ ಕಂಬದ ಹಿಂದೆ ಕೂತು ಎಲ್ಲರಿಗಿಂತ ಮೊದಲು ಎದ್ದು ಬರುತ್ತಾಳೆ. ನಾಟಕಕ್ಕೆ ಬಂದದ್ದೂ ಒಂದೇ ಸಲ, ಮೊದಲ ವರ್ಷ. ಮನೆಗೆ ಬಂದು, "ಆ ಉಡುಪಿನ ತೋಳು ಬಿಗಿಯಾಗಿದೆ, ನಾಳೆ ತಂದುಕೊಡು, ಬಿಟ್ಟುಕೊಡ್ತೀನಿ" ಎಂದಿದ್ದಳು. ಹಾಡಿನ ಬಗ್ಗೆ ಒಂದು ಮಾತಿಲ್ಲ. ಐದನೆಯ ದೃಶ್ಯವನ್ನು ಅಕ್ಕ ಅವತ್ತು ನೋಡಿದ್ದಳು.

"ಆಮೇಲೆ ಯಾಕೆ ನಾಟಕಕ್ಕೆ ಬರಲೇ ಇಲ್ಲ?"

"ಆ ಬೆಂಚಲ್ಲಿ ಕೂತು ನನ್ನ ಬೆನ್ನು ಬಿದ್ದುಹೋಗುತ್ತೆ." ಅಕ್ಕ ಕನ್ನಡಕ ತೆಗೆದು ಒರೆಸಿದಳು. "ಒಂದು ಕೇಳ್ತೀನಿ. ಆ ಕೆಲಸ ನಿನಗೆ ಇಷ್ಟ ತಾನೆ?"

"ಇಷ್ಟ."

"ಮತ್ತೆ? ಮಧ್ಯಾಹ್ನ ಆಟ ಇಟ್ಟುಕೊಂಡು ಇಲ್ಲಿ ನನ್ನ ಜೊತೆ ವಕೀಲಿಕೆ ಮಾಡ್ತಿದ್ದೀಯಲ್ಲ. ಹೋಗು, ನೆಟ್ಟಗೆ ಕೆಲಸ ಮಾಡು."

ಹನ್ನೆರಡಕ್ಕೆ ಅವಳು ಮನೆ ಬಿಟ್ಟಳು. ಹತ್ತು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ಮಿಷನ್ನಿನ ಸದ್ದು, ಅದರ ಮೇಲೆ ಅಕ್ಕನ ದನಿ. ಯಾವುದೋ ಹಳೆಯ ಹಾಡು, ಪದಗಳು ಅರ್ಧಂಬರ್ಧ. ಯಜಮಾನರು ಅವತ್ತು ನಿಂತದ್ದು ಇಲ್ಲೇ ಇರಬೇಕು, ಈ ನಲ್ಲಿಯ ಪಕ್ಕದಲ್ಲಿ. ಅವಳೂ ನಿಂತಳು. ಮೊದಲ ಸಾಲು ಕೇಳಿದಾಗ, ಇದು ತನ್ನ ದನಿಗಿಂತ ಎಷ್ಟೋ ಮೇಲು ಎನ್ನಿಸಿತು. ಮೂರನೆಯ ಸಾಲಿನಲ್ಲಿ ಅಕ್ಕ ಶ್ರುತಿ ಬಿಟ್ಟಳು. ನಾಲ್ಕನೆಯದರಲ್ಲಿ ಹಾಡು ನಿಲ್ಲಿಸಿ ಯಾರಿಗೋ, "ಬುಧವಾರ ಬನ್ನಿ ಅಂದ್ನಲ್ಲ!" ಎಂದು ಗದರಿದಳು. ಆ ದೋಣಿ ಅಕ್ಕನದಾಗಿತ್ತೇ, ತನ್ನದಾಗಿತ್ತೇ? ಎಷ್ಟು ಹೊತ್ತು ನಿಂತರೂ ತೀರ್ಮಾನವಾಗಲಿಲ್ಲ. ಒಬ್ಬರ ಮನಸ್ಸಿನ ಬಾಗಿಲಿಗೆ ಹೊರಗಡೆ ಚಿಲಕವಿರುವುದಿಲ್ಲ. ಅದನ್ನು ತೆರೆದು ನೋಡಬಲ್ಲವನು ಮೇಲಿರುವವನೊಬ್ಬ. ಅವನೋ ಯಾರಿಗೂ ಹೇಳುವವನಲ್ಲ.

ಮೂರರ ಆಟಕ್ಕೆ ಸಭೆ ತುಂಬಿತ್ತು. ಪಕ್ಕದ ಪರದೆಯ ಮರೆಯಲ್ಲಿ ಹೊಸಬಳು ಕೈಕಟ್ಟಿ ನಿಂತು, ತುಟಿಯಲ್ಲೇ ದೋಣಿಯ ಹಾಡು ಗುನುಗುತ್ತಿದ್ದಳು. ಐದನೆಯ ದೃಶ್ಯದ ಹೊತ್ತಿಗೆ ತಂಗ್ಯಮ್ಮ ಮತ್ತೆ ಅದೇ ಸಂದಿಯ ಸ್ಟೂಲಿನ ಮೇಲೆ. ಅಜ್ಜಿಗೆ ಮೊಣಕೈ ಚಾಚಲು ಜಾಗವಿಲ್ಲ. ಉಡುಪನ್ನು ಎಳೆದೆಳೆದು ತೊಡಿಸಿದಳು. ಇವಳ ಕಿವಿ ಪರದೆಗೆ ಅಂಟಿತ್ತು. "ನನಗೆ ನೀರೆಂದರೆ ಭಯ." ಇವತ್ತು ರಂಗದಕ್ಕನ ದನಿ ನಿಜಕ್ಕೂ ಹೆದರಿದವರ ದನಿಯಂತೆ ಕೇಳಿಸಿತು. ಬುಧವಾರ ಹಾಗಿತ್ತೇ? ನೆನಪಾಗಲಿಲ್ಲ.

ತಂಗ್ಯಮ್ಮ ರಂಗದ ಹಲಗೆ ಮುಟ್ಟಿ ನಮಸ್ಕರಿಸಿ, "ನಡೆಸಪ್ಪಾ" ಎಂದು ರಂಗಕ್ಕೆ ಹೋದಳು. 'ನಿನ್ನನ್ನೇ ಕೇಳಲು' ಎಂಬ ಎರಡು ಪದ ಬಿದ್ದವು; ಅವಳ ಬಾಯಿ ತಾನಾಗಿ ತೆರೆಯಿತು. ಆಮೇಲೆ ದೋಣಿ.

ಹಾಡುವಾಗ ಎಲ್ಲಿ ನೋಡಬೇಕೆಂದು ಮೊದಲೇ ಕಲಿಸಿದ್ದರು. ರಂಗದಕ್ಕನ ತಲೆಯ ಮೇಲಿನಿಂದ, ಸಭೆಯ ಹಿಂದಿನ ಗಡಿಯಾರದ ಕಡೆ. ಹನ್ನೆರಡು ವರ್ಷ ಅವಳು ಗಡಿಯಾರಕ್ಕೆ ಹಾಡಿದ್ದಳು. ಇವತ್ತು ತಡೆಯದೆ ರಂಗದಕ್ಕನ ಮುಖವನ್ನೇ ನೋಡಿದಳು. ರಂಗದಕ್ಕ ಸಭೆಗೆ ಬೆನ್ನು ಮಾಡಿ ನಿಂತಿದ್ದಳು. ಅವಳ ಮುಖ ಕಾಣುವುದು ದೋಣಿಯಲ್ಲಿದ್ದವರಿಗೆ ಮಾತ್ರ. ಆ ಮುಖದಲ್ಲಿ ಏನಿದೆ? ಸಂಕಟವೇ, ಸದ್ಯ ನಾನು ಬಚಾವಾದೆ ಎಂಬ ನೆಮ್ಮದಿಯೇ? ಇನ್ನಷ್ಟು ಬಾಗಿ ನೋಡುತ್ತ ಅವಳು ಕೈಯೆತ್ತಿ ಬೀಸಿದಳು.

ಕಂಕುಳಲ್ಲಿ ಪರ್ರೆಂದಿತು.

ರಂಗದಕ್ಕನ ಕಣ್ಣು ತಟ್ಟೆಯಾದವು. ತುಟಿ ಅಲುಗಿಸದೆ, ಪೆಟ್ಟಿಗೆಯ ಸದ್ದಿನ ಅಡಿಯಲ್ಲಿ, "ತೋಳು ಹರೀತು ಕಣೇ" ಎಂದಳು.

ತೋಳು ಬಿಗಿಯಾಗಿದೆ. ಬಿಟ್ಟುಕೊಡ್ತೀನಿ. ಎದೆಯಲ್ಲಿ ಎಲ್ಲಿಂದಲೋ ಗುಳ್ಳೆಯಂತೆ ಎದ್ದ ನಗು ತಡೆಯಲಾರದೆ ಹೊರಗೆ ಬಂದುಬಿಟ್ಟಿತು. 'ಸಡಗರ' ಇನ್ನೂ ಬಂದಿರಲಿಲ್ಲ. 'ಹೊರಟವಳು ನಾನು ತಾನೆ' ಎಂಬಲ್ಲಿಯೇ ಬಂತು. ಆ ಮೂರು ಪದಗಳ ಮೇಲೆ ಅವಳು ನಕ್ಕಳು. ಹರಿದ ತೋಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ದಡದ ಕಡೆ ಬಾಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಪೆಟ್ಟಿಗೆ ಮೇಷ್ಟ್ರು ಒಂದು ಸ್ವರ ಎಳೆದು ಹಿಡಿದು ಕಾದರು. ಗಾಲಿ ಕಿರ್ರೆಂದ ಸದ್ದಷ್ಟೇ ಉಳಿಯಿತು. ಮುಂದಿನ ಸಾಲಿನಿಂದ ಮೊದಲ ಬಿಕ್ಕು ಕೇಳಿಸಿತು. ಆಮೇಲೆ ಹಿಂದಿನ ಬೆಂಚುಗಳಿಂದಲೂ.

ಒಳಗೆ ಬಂದಾಗ ಯಜಮಾನರು ಕಾಯುತ್ತಿದ್ದರು.

"ಅರ್ಧ ಸಾಲು ಮೊದಲೇ ನಕ್ಕೆ ನೀನು."

"ಹೂಂ."

"ತಂಗಿಗೆ ಗೊತ್ತಾಗಿದೆಯೋ ಇಲ್ಲವೋ ಅಂತ ನನಗೇ ತಿಳೀಲಿಲ್ಲ."

"ನನಗೂ ತಿಳೀಲಿಲ್ಲ."

"ಬುಧವಾರ ಎಲ್ಲಿ ನಗ್ತೀಯ?"

"ಗೊತ್ತಿಲ್ಲ ಯಜಮಾನರೇ."

ಅವರು ಹೊಸಬಳ ಕಡೆ ತಿರುಗಿ, "ನೀನು ಗುಂಪಿಗೇ ನಿಲ್ಲಮ್ಮ" ಎಂದರು. ಪೆಟ್ಟಿಗೆ ಮೇಷ್ಟ್ರಿಗೆ, "ಆ ಸ್ವರ ಹಿಡಿದಿಟ್ಟುಕೊಂಡಿರಿ. ಇವಳು ಯಾವಾಗ ನಗ್ತಾಳೋ ಆವಾಗ ಬಿಡಿ" ಎಂದರು.

ಸಂಜೆ ಉಡುಪನ್ನು ಅಕ್ಕನ ಮುಂದೆ ಇಟ್ಟಳು. ಅಕ್ಕ ದೀಪದ ಹತ್ತಿರ ಹಿಡಿದು, ಹರಿದದ್ದನ್ನು ಬೆರಳಿನಿಂದ ಸವರಿ, "ನಾನು ಹಾಕಿದ ಹೊಲಿಗೆ ನೋಡು, ಅಲ್ಲಾಡಿಲ್ಲ. ಬಿಟ್ಟಿರೋದು ಪಕ್ಕದ್ದು" ಎಂದಳು. ಹನ್ನೆರಡು ವರ್ಷದ ಹಿಂದೆ ತಾನು ಹಾಕಿದ ಹೊಲಿಗೆ ಯಾವುದೆಂದು ಅವಳಿಗೆ ಇನ್ನೂ ನೆನಪಿತ್ತು. ತಂಗ್ಯಮ್ಮ ಏನೋ ಕೇಳಲು ಹೊರಟು, "ದಾರ ತರಲಾ?" ಎಂದಳು.

"ಬೇಡ. ಇದೆ."

ಮುಂದಿನ ವಾರ ಬಣ್ಣದ ಕೋಣೆಗೆ ಹೊಸ ಗಾರೆ ಹಾಕಿಸಿ, ಸುಣ್ಣ ಬಳಿಸಿ, ಕನ್ನಡಿ ತಂದಿಟ್ಟರು. ಬಣ್ಣದಜ್ಜಿ ಡಬ್ಬಿಗಳನ್ನೆಲ್ಲ ಎತ್ತಿಕೊಂಡು ಹೊರಟಳು. ತಂಗ್ಯಮ್ಮ ಸ್ಟೂಲು ಬಿಟ್ಟು ಏಳಲಿಲ್ಲ.

"ಇಲ್ಲೇ ಮಾಡು ಅಜ್ಜಿ."

"ಈ ಬಿಲದಲ್ಲಾ? ಮೊಣಕೈ ಮಡಚಿ ಮಡಚಿ ನಾನು ಏಡಿ ಆಗಿಹೋಗ್ತೀನಿ!"

"ಸ್ವಲ್ಪ ದಿನ."

ಅಜ್ಜಿ ಗೊಣಗಿಕೊಂಡೇ ಕೊಂಡೆ ಕಟ್ಟತೊಡಗಿದಳು. ಪರದೆಯ ಆಚೆ ಹೆಣ್ಣು ಕೇಳುವವನ ಮಾತು ಮುಗಿಯಿತು. ಪೆಟ್ಟಿಗೆ ಒಂದೇ ಸ್ವರ ಎಳೆಯಿತು. ತಂಗ್ಯಮ್ಮ ಉಸಿರು ಬಿಗಿಹಿಡಿದಳು. "ನನಗೆ ನೀರೆಂದರೆ ಭಯ" ಎಂದಳು ರಂಗದಕ್ಕ. ನಿನ್ನೆ ಇದು ಸುಳ್ಳಿನಂತೆ ಕೇಳಿಸಿತ್ತು. ಇವತ್ತು ನಿಜವೆನ್ನಿಸಿತು. ಅವಳು ತಲೆಯನ್ನು ಇನ್ನಷ್ಟು ಪರದೆಯ ಕಡೆ ವಾಲಿಸಿದಳು.

"ಅಲ್ಲಾಡಬೇಡವೇ" ಎಂದು ಅಜ್ಜಿ ಪಿಸುಗುಟ್ಟಿ, ಕೊಂಡೆಗೆ ಇನ್ನೊಂದು ಪಿನ್ನು ಚುಚ್ಚಿದಳು.